ಅಪ್ಪ ಪಿಜ್ಜಾ ನುಂಗಿದ ಸಂಜೆ

ಆ ಸಂಜೆಯ ಬಗ್ಗೆ ನನ್ನ ಡೈರಿಯಲ್ಲಿ ಒಂದೂವರೆ ಪುಟವಿದೆ. ಮರುದಿನ ಬೆಳಿಗ್ಗೆ ಹಾಲು ಕಾಯಲು ಇಟ್ಟು, ಅಡುಗೆಮನೆಯಲ್ಲಿ ನಿಂತುಕೊಂಡೇ ಬರೆದದ್ದು. ಅದರ ಮೂರನೆಯ ಸಾಲು ಹೀಗಿದೆ: ‘ಥೆರಪಿಸ್ಟ್ ಹತ್ತಿರ ಕೇಳಿಯೇ ಅಪ್ಪನನ್ನು ಕರೆದುಕೊಂಡು ಹೋದೆವು.’

ಆ ಸಾಲು ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲ. ಸಾಮಾನ್ಯವಾಗಿ ನಾನು ನೆನಪಿಗಿಂತ ಡೈರಿಯನ್ನು ಹೆಚ್ಚು ನಂಬುತ್ತೇನೆ. ನೆನಪು ತನಗೆ ಬೇಕಾದಂತೆ ಬದಲಾಗುತ್ತದೆ, ಬರೆದಿಟ್ಟದ್ದು ಬದಲಾಗುವುದಿಲ್ಲ ಅನ್ನುವ ಕಾರಣಕ್ಕೆ. ಆದರೆ ಬರೆಯುವಾಗಲೇ ಬದಲಾಯಿಸಿ ಬರೆದುಬಿಟ್ಟರೆ? ಹಾಗಾಗಿ ಈ ಸಲ ಡೈರಿಯನ್ನು ಪಕ್ಕಕ್ಕಿಟ್ಟುಕೊಂಡು, ಅದು ತಪ್ಪಿದ ಕಡೆ ತಪ್ಪು ಎಂದು ಹೇಳುತ್ತಾ, ಇನ್ನೊಮ್ಮೆ ಬರೆಯುತ್ತಿದ್ದೇನೆ.

ಅಪ್ಪನಿಗೆ ದೀಪಾವಳಿ ಆದ ಮುಂದಿನ ವಾರ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ವಾಪಸು ಬಂದವು. ಮಾತು ಸ್ವಲ್ಪ ತೊದಲಿದರೂ ಅರ್ಥವಾಗುವಷ್ಟು ಬಂತು. ಬರದೆ ಉಳಿದದ್ದು ಗಂಟಲು. ನುಂಗುವುದನ್ನು ಗಂಟಲು ಮರೆತಿತ್ತು. ಮೂರು ವಾರ ಮೂಗಿನಲ್ಲಿ ಟ್ಯೂಬು. ಟ್ಯೂಬು ತೆಗೆದ ಮೇಲೆ ಗಂಜಿ, ಮಿಕ್ಸಿಗೆ ಹಾಕಿದ ಅನ್ನ. ನೀರನ್ನು ಕೂಡ ಹಾಗೇ ಕುಡಿಯುವಂತಿರಲಿಲ್ಲ. ಒಂದು ಬಿಳಿ ಪುಡಿ ಕಲಸಿ, ಅಂಟಿನಂತೆ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕಿತ್ತು. ಜನವರಿಯಲ್ಲಿ ಒಂದು ದಿನ ಅಪ್ಪ ಯಾರಿಗೂ ಹೇಳದೆ ಫಿಲ್ಟರಿನಿಂದ ಒಂದು ಲೋಟ ಮಾಮೂಲಿ ನೀರು ಹಿಡಿದು ಕುಡಿದರು. ನೀರು ಶ್ವಾಸಕೋಶಕ್ಕೆ ಇಳಿದು, ಜ್ವರ ಬಂದು, ಐದು ದಿನ ಆಸ್ಪತ್ರೆಯಲ್ಲಿದ್ದರು.

ನುಂಗುವುದನ್ನು ಮತ್ತೆ ಕಲಿಸಲು ವಾರಕ್ಕೆ ಎರಡು ಸಲ ಮನೆಗೆ ಒಬ್ಬ ಸ್ಪೀಚ್ ಥೆರಪಿಸ್ಟ್ ಬರುತ್ತಿದ್ದರು. ಸಣ್ಣ ವಯಸ್ಸಿನ ಹುಡುಗಿ, ಆದರೆ ಬಲು ಕಟ್ಟುನಿಟ್ಟು. ನನ್ನ ಮಗಳು ಆಕೆಗೆ ‘ನುಂಗೋ ಮಿಸ್’ ಎಂದು ಹೆಸರಿಟ್ಟಿದ್ದಳು. ಬೆನ್ನು ನೆಟ್ಟಗೆ, ಸಣ್ಣ ತುತ್ತು, ಇಪ್ಪತ್ತು ಸಲ ಅಗಿ, ಗದ್ದ ಎದೆಗೆ ತಾಗಿಸು, ಆಮೇಲೆ ನುಂಗು. ಬಾಯಲ್ಲಿ ತುತ್ತಿದ್ದಾಗ ಮಾತು ಬೇಡ. ಈ ಪಾಠವನ್ನು ಅಪ್ಪ ತಲೆತಗ್ಗಿಸಿ ಕೇಳುತ್ತಿದ್ದರು. ಮೊದಲ ದಿನವೇ ಅವರು ಕೇಳಿದ ಪ್ರಶ್ನೆ ಒಂದೇ: “ಮುದ್ದೆ ಯಾವಾಗ ತಿನ್ನಬೋದು?”

“ಮುದ್ದೆ ವಿಷಯ ಆರು ತಿಂಗಳು ಮಾತಾಡೋದೇ ಬೇಡ ಸಾರ್.”

ಅಪ್ಪನ ಕಷ್ಟ ಏನೆಂದರೆ, ಅವರು ಅಗಿಯುವ ಜಾತಿಯವರೇ ಅಲ್ಲ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಮಷೀನಿನ ಮೇಲೆ ಕೆಲಸ ಮಾಡಿದವರು. ಕ್ಯಾಂಟೀನಿನಲ್ಲಿ ಯಾರು ಎಷ್ಟು ಮುದ್ದೆ ಇಳಿಸುತ್ತಾರೆ ಎಂಬುದರ ಮೇಲೆ ಅಲ್ಲಿ ಮರ್ಯಾದೆ ನಿಂತಿತ್ತಂತೆ. ಮುದ್ದೆ ತಿನ್ನುವವರಿಗೆ ಇದನ್ನು ವಿವರಿಸಬೇಕಿಲ್ಲ. ಮುರಿ, ಬೆರಳಲ್ಲಿ ಉಂಡೆ ಮಾಡು, ಸಾರಿನಲ್ಲಿ ಅದ್ದು, ನುಂಗು. ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ನನಗೂ ನನ್ನ ಮಗಳಿಗೂ ಹಾಗೆಯೇ ಕಲಿಸಿದವರು ಅಪ್ಪ. ನನ್ನ ಗಂಡ ದಾವಣಗೆರೆಯವರು, ರೊಟ್ಟಿ ತಿಂದು ಬೆಳೆದವರು. ನಮ್ಮ ಮನೆಯಲ್ಲಿ ಮೊದಲ ಸಲ ಮುದ್ದೆ, ಬಸ್ಸಾರು ಹಾಕಿದಾಗ ಪಾಪ, ರೊಟ್ಟಿ ಅಗಿದಂತೆ ಅಗಿಯತೊಡಗಿದರು. ಮುದ್ದೆ ಹಲ್ಲಿಗೆ ಅಂಟಿಕೊಂಡು, ಬಾಯಿ ತೆರೆಯಲೂ ಆಗದೆ, ಮುಚ್ಚಲೂ ಆಗದೆ ಕೂತಿದ್ದರು. ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದರು. ಇದು ಹೆಣ್ಣು ನೋಡಲು ಬಂದ ದಿನ ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅಮ್ಮ ಮಾತ್ರ, “ಹೆಣ್ಣು ನೋಡೋಕೆ ಬಂದೋರಿಗೆ ಯಾರೇ ಮುದ್ದೆ ಹಾಕ್ತಾರೆ? ಮದುವೆ ಆದ್ಮೇಲೆ ಅದು,” ಅನ್ನುತ್ತಾರೆ. ಅಮ್ಮನದೇ ಸರಿ ಇರಬೇಕು. ಯಾವತ್ತಾದರೂ ಆಗಿರಲಿ, ಅಲ್ಲಿಂದ ಇಲ್ಲಿಯವರೆಗೆ ಹದಿನೇಳು ವರ್ಷ ಅವರು ಈ ಮನೆಯಲ್ಲಿ ‘ಮುದ್ದೆ ಅಗಿಯೋ ಅಳಿಯ’.

ಸ್ಟ್ರೋಕ್ ಆದ ಮೇಲೆ ಅಪ್ಪ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಬಾಯಿಯ ಎಡತುದಿಯಿಂದ ಅವರಿಗೆ ಗೊತ್ತಾಗದಂತೆ ಜೊಲ್ಲು ಇಳಿಯುತ್ತಿತ್ತು, ಅನ್ನದ ಅಗುಳೂ ಬೀಳುತ್ತಿತ್ತು. ಒಂದು ದಿನ ಮಗಳು ಏನೂ ಅಂದುಕೊಳ್ಳದೆ ಕೈ ಚಾಚಿ ಅದನ್ನು ಒರೆಸಿದಳು. ಅಂದಿನಿಂದ ಅಪ್ಪ ತಟ್ಟೆ ತೆಗೆದುಕೊಂಡು ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ಖಾಲಿ ತಟ್ಟೆ ಮಾತ್ರ ಹೊರಗೆ ಬರುತ್ತಿತ್ತು. ಅಮ್ಮ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸೊಪ್ಪು ಸೋಸುವ ನೆಪ ಇಟ್ಟುಕೊಂಡು ಕೂರುತ್ತಿದ್ದರು. ಒಳಗೆ ಕೆಮ್ಮು ಕೇಳಿದರೆ ಎದ್ದು ನಿಲ್ಲುವುದು, ಕೆಮ್ಮು ನಿಂತರೆ ಕೂರುವುದು. ನಾವೂ ಟೀವಿ ಸದ್ದು ತಗ್ಗಿಸಿ ಆ ಕೆಮ್ಮನ್ನೇ ಕಾಯುತ್ತಿದ್ದೆವು. ನಾಲ್ಕು ತಿಂಗಳು ಶ್ರೀಗಂಧದ ಕಾವಲು ಬಡಾವಣೆಯ ನಮ್ಮ ಮನೆಯಲ್ಲಿ ಯಾರಿಗೂ ಊಟದ ರುಚಿ ಹತ್ತಲಿಲ್ಲ. ಅಪ್ಪ ಮತ್ತೆ ನಮ್ಮ ಜೊತೆ ಕೂತು ಉಣ್ಣಬೇಕು. ನಮಗೆ ಬೇಕಾಗಿದ್ದದ್ದು ಇಷ್ಟೇ. ಆದರೆ ಹಾಗೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹತ್ತನೇ ಕ್ಲಾಸಿನ ಕೊನೆಯ ಪರೀಕ್ಷೆ ಬರೆದು ಬಂದ ದಿನ ಮಗಳು ಪಿಜ್ಜಾ ತಿನ್ನಲು ಹೋಗಬೇಕು ಎಂದಳು. ಮನೆಗೆ ತರಿಸುವುದಲ್ಲ, ಹೋಗಿ ಕೂತು ತಿನ್ನಬೇಕು. “ಎಲ್ಲರೂ ಬರಬೇಕು. ತಾತ ಬರಲಿಲ್ಲ ಅಂದ್ರೆ ನನಗೂ ಬೇಡ.”

ಅವಳು ತಾತನಿಗೆ ‘ನೀನು’ ಎಂದೇ ಮಾತಾಡುವುದು. ರೂಮಿನ ಬಾಗಿಲಲ್ಲಿ ನಿಂತು ವ್ಯಾಪಾರ ಶುರು ಮಾಡಿದಳು.

“ತಾತಾ, ನೀನು ಬರ್ತೀಯ ತಾನೆ?”

“ಬಂದು ನಾನೇನು ಮಾಡ್ಲಿ ಪುಟ್ಟಿ? ನಿಮ್ಮ ಬಾಯಿ ನೋಡ್ಕೊಂಡು ಕೂತ್ಕೊಳ್ಳಾ?”

“ಕೂತ್ಕೋ. ಫ್ರೀ ಶೋ.”

“ನಿಮ್ಮಜ್ಜಿ ಡಬ್ಬಿ ತರ್ತಾಳೆ.”

“ತರಲಿ ಬಿಡು. ಅಜ್ಜಿ ಮದುವೆ ಮನೆಗೂ ಡಬ್ಬಿ ತರ್ತಾಳೆ.”

ಅಪ್ಪ ಬರಲು ಒಪ್ಪಿದರು. ತಿನ್ನಲು ಒಪ್ಪಿದರು ಎಂದು ನನಗೆ ಆಗ ಅನ್ನಿಸಿರಲಿಲ್ಲ. ಆದರೂ ಒಂದು ಆಸೆ ಹುಟ್ಟಿತು. ಆಗಲೇ ನಾನು ಥೆರಪಿಸ್ಟಿಗೆ ಫೋನ್ ಮಾಡಿದ್ದು. ಕೇಳಿದ್ದು ಏನು? ಡೈರಿಯ ಪ್ರಕಾರ ‘ಕೇಳಿದೆ, ಸರಿ ಅಂದರು.’ ಆಮೇಲೆ ಗಂಡನನ್ನು ವಿಚಾರಿಸಿದೆ. ಆ ಫೋನ್ ಮಾಡುವಾಗ ಅವರು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದರು. “ನೀನು ಬ್ರೆಡ್ ಬಗ್ಗೆ ಕೇಳಿದೆ. ಅಂಚು ತೆಗೆದ ಮೆತ್ತಗಿನ ಬ್ರೆಡ್ ಕೊಡಬೋದಾ ಅಂತ. ಅವರು ಹೂಂ, ಸಣ್ಣ ಸಣ್ಣ ಚೂರು ಮಾಡಿ, ಸೂಪಲ್ಲಿ ನೆನೆಸಿ ಕೊಡಿ ಅಂದ್ರು. ಪಿಜ್ಜಾ ಅನ್ನೋ ಶಬ್ದನೇ ನೀನು ಬಾಯಿಂದ ತೆಗೀಲಿಲ್ಲ.”

ತೆಗೆಯಲಿಲ್ಲ, ಏಕೆಂದರೆ ತೆಗೆದಿದ್ದರೆ ಬೇಡ ಅನ್ನುತ್ತಿದ್ದರು. ನನಗೆ ಬೇಕಾದ ಉತ್ತರ ಬರುವಂಥ ಪ್ರಶ್ನೆಯನ್ನು ಆರಿಸಿಕೊಂಡು ಕೇಳಿದೆ. ಕಾಲೇಜಿನಲ್ಲಿ ಹುಡುಗರು ಪ್ರಾಜೆಕ್ಟಿನಲ್ಲಿ ಇಂಥದ್ದು ಮಾಡಿದರೆ ನಾನು ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತೇನೆ.

ಶನಿವಾರ ಸಂಜೆ ಆರೂವರೆಗೆ ಹೊರಟೆವು. ಕಾಮಾಕ್ಷಿಪಾಳ್ಯದ ಹತ್ತಿರ ಎಂದಿನಂತೆ ಟ್ರಾಫಿಕ್ಕು. ಅಪ್ಪ ಮುಂದಿನ ಸೀಟಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಭುಜದ ಮೇಲೆ ಟವೆಲು. ಅಮ್ಮನ ತೊಡೆಯ ಮೇಲೆ ಬಟ್ಟೆಯ ಚೀಲ. ಅದರಲ್ಲಿ ಮಿಕ್ಸಿಗೆ ಹಾಕಿದ ಮೊಸರನ್ನದ ಸ್ಟೀಲ್ ಡಬ್ಬಿ, ನೀರು ಗಟ್ಟಿ ಮಾಡುವ ಪುಡಿ, ಚಮಚ, ಇನ್ನೆರಡು ಟವೆಲು. ಹೋಟೆಲು ಬಸವೇಶ್ವರನಗರದಲ್ಲಿ, ಮೊದಲನೇ ಮಹಡಿ, ಲಿಫ್ಟ್ ಇತ್ತು. ಆ ಹೋಟೆಲನ್ನೇ ಯಾಕೆ ಆರಿಸಿದಿರಿ ಎಂದು ಅಮ್ಮ ಕೇಳಿದಾಗ ನನ್ನ ಗಂಡ ಕಾರು ನಿಲ್ಲಿಸುತ್ತಾ, “ಕೆಳಗೆ ಮೆಡಿಕಲ್ ಸ್ಟೋರ್, ಎದುರುಗಡೆ ನರ್ಸಿಂಗ್ ಹೋಮ್. ಇದಕ್ಕಿಂತ ಒಳ್ಳೆ ಪಿಜ್ಜಾ ಎಲ್ಲಿ ಸಿಗುತ್ತೆ ಅತ್ತೆ?” ಎಂದರು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಅದು ತಮಾಷೆಯಾಗಿರಲಿಲ್ಲ, ಹಿಂದಿನ ದಿನ ನಾವಿಬ್ಬರೂ ಕೂತು ನಿಜವಾಗಿ ಲೆಕ್ಕ ಹಾಕಿದ್ದೇ ಅದು.

ಒಳಗೆ ಹೋದ ತಕ್ಷಣ ಅಪ್ಪ ಮೂಲೆಯ ಟೇಬಲ್ ನೋಡಿ, ಜನರಿಗೆ ಬೆನ್ನು ಮಾಡಿ ಗೋಡೆ ಕಡೆ ಮುಖ ಹಾಕುವ ಕುರ್ಚಿ ಆರಿಸಿಕೊಂಡರು. ಗೋಡೆಯ ಮೇಲೆ ದೊಡ್ಡದೊಂದು ಟೊಮೇಟೊ ಚಿತ್ರ ಬರೆದಿದ್ದರು. ಇಡೀ ಸಂಜೆ ಆ ಟೊಮೇಟೊ ನೋಡಿಕೊಂಡು ಕೂರುವ ನಿರ್ಧಾರದಲ್ಲಿ ಬಂದವರಂತೆ ಕೈ ಕಟ್ಟಿ ಕೂತರು.

ಮೆನು ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, “ಎಲ್ಲಾದರಲ್ಲೂ ಕ್ಯಾಪ್ಸಿಕಂ ಇದೆಯಲ್ಲೇ,” ಎಂದು ದೂರಿದರು. ಮಗಳು ತನಗೆ ಪನೀರು, ಜೋಳ ಇರುವುದನ್ನು ಹೇಳಿದಳು. ನಾನು ಬರೀ ಚೀಸ್ ಇರುವುದು ಒಂದು, ಎರಡು ಟೊಮೇಟೊ ಸೂಪು ಹೇಳಿದೆ. ಟೋಪಿ ಹಾಕಿದ್ದ ಹುಡುಗಿ ಬರೆದುಕೊಳ್ಳುತ್ತಾ, “ಬೇಸ್ ತೆಳ್ಳಗಿರಲಾ, ದಪ್ಪ ಇರಲಾ ಮೇಡಂ?” ಅಂದಳು. “ದಪ್ಪ. ಮೆತ್ತಗಿರಲಿ. ತುಂಬಾ ಬೇಯಿಸ್ಬೇಡಿ,” ಎಂದೆ. ಹೇಳುವಾಗ ಅಪ್ಪನ ಕಡೆ ನೋಡಲಿಲ್ಲ. ಅವರಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ.

ಪಿಜ್ಜಾ ಬಂದಾಗ ಮಗಳು ಫೋನನ್ನು ಟಿಶ್ಯೂ ಪೇಪರಿನ ಸ್ಟ್ಯಾಂಡಿಗೆ ಒರಗಿಸಿ ವಿಡಿಯೋ ಶುರು ಮಾಡಿದಳು. ಚೀಸ್ ಎಳೆಯುವುದನ್ನು ಗೆಳತಿಯರಿಗೆ ಕಳಿಸಬೇಕಂತೆ. ಅವಳು ಒಂದು ತುಂಡು ಎತ್ತಿದಳು. ಚೀಸ್ ಮೊಳ ಉದ್ದ ಬಂತು. ಅಮ್ಮ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ತಿರುವಿದರು.

“ಮುಚ್ಚೇ ಅದನ್ನ,” ಎಂದರು ಅಪ್ಪ.

“ಯಾಕ್ರೀ? ಹೊತ್ತಾಯ್ತು. ಮಾತ್ರೆ ಬೇರೆ ಇದೆ.”

“ಇಲ್ಲಿಗೆ ಬಂದು ಮೊಸರನ್ನ ತಿನ್ನು ಅಂತೀಯಲ್ಲ. ನೋಡಿದೋರು ಏನಂದ್ಕೋತಾರೆ? ಅದರಲ್ಲಿ ಒಂದು ಚೂರು ಕೊಡಿ ನನಗೆ.”

ಅಮ್ಮ ನನ್ನನ್ನು ನೋಡಿದರು. ನಾನು, “ಬ್ರೆಡ್ ಕೊಡಬೋದು ಅಂದಿದಾರಮ್ಮ,” ಎಂದೆ. ಪಿಜ್ಜಾ ಎಂದರೆ ಬ್ರೆಡ್ಡೇ ತಾನೆ ಎಂಬ ವಾದವನ್ನು ನಾನು ಆಗಲೇ ಮನಸ್ಸಿನಲ್ಲಿ ತಯಾರು ಮಾಡಿಟ್ಟುಕೊಂಡಿದ್ದೆ.

ಒಂದು ತುಂಡು ನನ್ನ ತಟ್ಟೆಗೆ ಹಾಕಿಕೊಂಡು ಗಟ್ಟಿ ಅಂಚು ಕತ್ತರಿಸಿ ತೆಗೆದೆ. ಎಳೆಯುವ ಚೀಸನ್ನು ಫೋರ್ಕಿನಿಂದ ಕೆರೆದು ಬದಿಗಿಟ್ಟೆ. ಉಳಿದದ್ದನ್ನು ಉಗುರಿನಷ್ಟು ಉಗುರಿನಷ್ಟು ಚೌಕ ಚೂರು ಮಾಡಿದೆ. ಅವನ್ನು ಅಪ್ಪನ ತಟ್ಟೆಗೆ ಹಾಕಿ, ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. “ಒಂದೊಂದೇ ಚೂರು ಅಪ್ಪ. ಸೂಪಲ್ಲಿ ಅದ್ದಿ, ಚೆನ್ನಾಗಿ ಅಗಿದು.” ಅಪ್ಪ ತಲೆಯಾಡಿಸಿದರು. ನಾನು ಪಿಜ್ಜಾ ಮೇಲೆ ಉದುರಿಸುವ ಒಣ ಎಲೆ ಪುಡಿಯ ಒಂದು ಪೊಟ್ಟಣ ಕೈಗೆ ತೆಗೆದುಕೊಂಡು ಹರಿಯತೊಡಗಿದೆ.

ಅಪ್ಪ ತಟ್ಟೆಯ ಮೇಲೆ ಕೈ ಇಟ್ಟರು. ಐದಾರು ಚೂರುಗಳನ್ನು ಬೆರಳುಗಳು ಒಟ್ಟಿಗೆ ಒತ್ತಿದವು. ಹೆಬ್ಬೆರಳು ಒಮ್ಮೆ ಉರುಳಿಸಿತು. ಉಂಡೆ ಸೂಪಿಗೆ ಹೋಯಿತು, ಎದ್ದಿತು, ಬಾಯಿಗೆ ಹೋಯಿತು. ತಲೆ ಸ್ವಲ್ಪ ಹಿಂದಕ್ಕೆ ವಾಲಿತು. ಗದ್ದ ಎದೆಗೆ ತಾಗಲಿಲ್ಲ, ಹಲ್ಲು ಅಲುಗಲಿಲ್ಲ. ನುಂಗಿಬಿಟ್ಟರು.

ಅಪ್ಪ ಬೇಕೆಂದು ಮಾಡಿದ್ದಲ್ಲ ಅದು. ಅವರ ಕಣ್ಣು ನೋಡಿದರೆ ಅವರಿಗೇ ಗಾಬರಿಯಾಗಿತ್ತು. ಬಿಸಿಯಾಗಿ, ಮೆತ್ತಗೆ, ಅಂಚಿಲ್ಲದೆ, ಪಕ್ಕದಲ್ಲಿ ಕೆಂಪಗಿನ ಸಾರಿನಂಥದ್ದು ಇಟ್ಟು ಕೊಟ್ಟರೆ ಅರವತ್ತು ವರ್ಷದ ಕೈ ಇನ್ನೇನು ಮಾಡೀತು? ಅದನ್ನು ಮುದ್ದೆಯ ಹದಕ್ಕೆ ತಂದು ಕೊಟ್ಟವಳು ನಾನೇ.

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ನಾನು ಕುರ್ಚಿ ತಳ್ಳಿ ಎದ್ದೆ. ಟೇಬಲ್ ಸುತ್ತಿ ಅಪ್ಪನ ಹತ್ತಿರ ಹೋದೆ. ಬೆನ್ನ ಮೇಲೆ ಕೈ ಇಟ್ಟೆ, ಇನ್ನೊಂದು ಕೈಯಿಂದ ಅವರ ಗದ್ದ ಹಿಡಿದು ಕೆಳಕ್ಕೆ ಬಾಗಿಸಿದೆ. ಒಂದು ನಿಮಿಷ, ಒಂದೂವರೆ ನಿಮಿಷ ಹಾಗೇ ಇದ್ದೆವು. ಡೈರಿಯಲ್ಲೂ ‘ಒಂದು ನಿಮಿಷಕ್ಕೂ ಹೆಚ್ಚು’ ಎಂದಿದೆ.

ಮಗಳ ಫೋನ್ ಇದೆಲ್ಲವನ್ನೂ ಹಿಡಿದಿತ್ತು. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ. ಟೇಬಲ್ಲು, ಪಿಜ್ಜಾ, ಐದು ಜನರ ಕೈಗಳು. ಅಪ್ಪನ ಕೈ ಉಂಡೆ ಎತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಅಮ್ಮನ ಬಳೆಯ ಸದ್ದು. ನನ್ನ ಗಂಡನ ಕೈ ಟೇಬಲ್ ದಾಟಿ ಅಪ್ಪನ ಭುಜದ ಕಡೆ ಚಾಚುತ್ತದೆ, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಹೋಗದ ದಾವಣಗೆರೆ ದನಿಯಲ್ಲಿ ಅವರು ಕೂಗುತ್ತಾರೆ: “ಅಗೀರಿ ಮಾವಾ, ಅಗೀರಿ!” ಅಷ್ಟರಲ್ಲಿ ನುಂಗಿ ಆಗಿದೆ, ಅಗಿಯಲು ಅಲ್ಲೇನೂ ಉಳಿದಿಲ್ಲ. ಚೌಕಟ್ಟಿನ ಎಡಮೂಲೆಯಲ್ಲಿ ನನ್ನ ಕೈ ಇದೆ. ವಾಚು, ಉಂಗುರ, ಅರ್ಧ ಹರಿದ ಪೊಟ್ಟಣ. ಆ ಕೈ ಕದಲುವುದಿಲ್ಲ. ನನ್ನ ದನಿಯೂ ಇಲ್ಲ. ಉಂಡೆ ಮೇಲೆ ಹೋದ ಕ್ಷಣದಿಂದ ಅಪ್ಪನ ದನಿ ಕೇಳುವವರೆಗೆ ಒಂಬತ್ತು ಸೆಕೆಂಡು.

ಮೂರು ಸಲ ನೋಡಿದೆ. ನಾನು ಎದ್ದೇ ಇರಲಿಲ್ಲ.

ಅಮ್ಮನಿಗೆ ಆ ಒಂಬತ್ತು ಸೆಕೆಂಡಿನ ಮಾತು ಹೇಳಿದರೆ, “ಸುಮ್ನಿರೇ, ಅಷ್ಟು ಹೊತ್ತಲ್ಲಿ ನಾನು ಮನೆದೇವರಿಗೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತು, ಬೇಡ ಅಂತ ಬರೀ ಹಣ್ಣುಕಾಯಿಗೆ ಇಳಿಸಿದ್ದೆ. ಫೋನ್ ಕೆಟ್ಟಿರಬೇಕು,” ಎಂದರು.

ಒಂಬತ್ತನೇ ಸೆಕೆಂಡಿನಲ್ಲಿ ಅಪ್ಪನ ದನಿ ಸ್ಪಷ್ಟವಾಗಿ ಕೇಳುತ್ತದೆ.

“ಇಳೀತು.”

ಕೆಮ್ಮಲಿಲ್ಲ. ಆಕಳಿಸಿದವರಂತೆ ಕಣ್ಣಲ್ಲಿ ಮಾತ್ರ ಸ್ವಲ್ಪ ನೀರು. ಗಂಟಲ ಮೇಲೆ ಕೈ ಇಟ್ಟುಕೊಂಡು, ಯಾವುದೋ ಮಷೀನಿನ ಸದ್ದು ಕೇಳುವವರಂತೆ ತಲೆ ಓರೆ ಮಾಡಿ ಕೂತರು. ಇನ್ನೊಮ್ಮೆ ಬರಿದೇ ನುಂಗಿ ನೋಡಿದರು. “ಇಳೀತು ಬಿಡಿ. ಪೂರ್ತಿ ಇಳೀತು. ಯಾಕೆ ಎಲ್ಲಾ ಹಿಂಗೆ ಕೂತಿದೀರಾ?”

ದನಿ ಒದ್ದೆಯಾಗಿರಲಿಲ್ಲ. ಥೆರಪಿಸ್ಟ್ ನಮಗೆ ಅದನ್ನು ಹೇಳಿಕೊಟ್ಟಿದ್ದರು: ನುಂಗಿದ ಮೇಲೆ ದನಿ ಗೊಳಗೊಳ ಅಂದರೆ ತಪ್ಪು ದಾರಿಗೆ ಹೋಗಿದೆ ಅಂತ, ಒಣಗಿದ್ದರೆ ಸರಿಯಾಗಿ ಹೋಗಿದೆ ಅಂತ. ಅಪ್ಪನ ದನಿ ಬೆಂಡಿನಂತೆ ಒಣಗಿತ್ತು. ಆಮೇಲೆ ಅಮ್ಮ ಬಾಯಿ ಬಿಟ್ಟರು.

“ಅಲ್ರೀ, ಪಿಜ್ಜಾನ ಯಾರಾದ್ರೂ ಮುದ್ದೆ ನುಂಗಿದ ಹಾಗೆ ನುಂಗ್ತಾರೇನ್ರೀ? ಬುದ್ಧಿ ಬೇಡ್ವಾ? ಅವಳು ಅಷ್ಟು ಸಣ್ಣ ಸಣ್ಣದಾಗಿ ಕತ್ತರಿಸಿ ಕೊಟ್ಟರೆ ಅದನ್ನ ಮತ್ತೆ ಸೇರಿಸಿ ಉಂಡೆ ಮಾಡಿ...”

“ನಾನು ಮಾಡ್ಲಿಲ್ಲ ಕಣೇ. ಕೈ ಮಾಡ್ತು.”

“ಕೈ ಯಾರದ್ದು? ಪಕ್ಕದ ಮನೆಯವರದ್ದಾ?”

ಮಗಳು ಮೊದಲು ನಕ್ಕಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ನಕ್ಕಳು. ನನ್ನ ಗಂಡ ಕುರ್ಚಿಗೆ ಒರಗಿ, “ಯಪ್ಪಾ!” ಎಂದು ಉಸಿರು ಬಿಟ್ಟರು. ನಾನು ಪೊಟ್ಟಣವನ್ನು ಕೆಳಗಿಟ್ಟೆ. ಅಷ್ಟೂ ಎಲೆ ಪುಡಿ ನನ್ನ ಸೀರೆಯ ಮೇಲೆ ಚೆಲ್ಲಿತ್ತು. ಆಮೇಲೆ ಎಲ್ಲರೂ ನಕ್ಕೆವು. ಅಪ್ಪನೂ. ನಗುವಾಗ ಅವರ ಬಾಯಿಯ ಎಡತುದಿಯಿಂದ ಕೆಂಪಗೆ ಸೂಪು ಇಳಿಯಿತು. ಅಪ್ಪ ಭುಜದ ಟವೆಲಿಗೆ ಕೈ ಹಾಕಿ, ಅದನ್ನು ಬಿಟ್ಟು, ಸ್ಟ್ಯಾಂಡಿನಿಂದ ಒಂದು ಟಿಶ್ಯೂ ಎಳೆದು ಒರೆಸಿಕೊಂಡರು.

ಅದೇ ಹೊತ್ತಿಗೆ ಮಗಳೂ ಒಂದು ಟಿಶ್ಯೂ ಎಳೆದಳು. ಅವಳ ಗದ್ದದ ಮೇಲೆ ಚೀಸ್ ಅಂಟಿತ್ತು. ನನ್ನ ಗಂಡನ ಮೀಸೆಯಲ್ಲಿ ಸಾಸ್. ಪಕ್ಕದ ಟೇಬಲಿನಲ್ಲಿ ದಪ್ಪಗಿನ ಒಬ್ಬರು ತಲೆ ಮೇಲೆತ್ತಿ, ಬಾಯಿ ಅಗಲಿಸಿ, ಜೋತಾಡುವ ಚೀಸನ್ನು ಕೆಳಗಿನಿಂದ ಹಿಡಿಯಲು ಹೋಗಿ ಅಂಗಿಯ ಮೇಲೆ ಬೀಳಿಸಿಕೊಂಡರು. ಅವರ ಹೆಂಡತಿ ಒರೆಸಿದರು. ಅಲ್ಲಿ ಇದ್ದವರೆಲ್ಲ ಎರಡು ನಿಮಿಷಕ್ಕೊಮ್ಮೆ ಬಾಯಿ ಒರೆಸಿಕೊಳ್ಳುತ್ತಿದ್ದರು. ಅದನ್ನು ನಾನು ಮೊದಲು ಯೋಚಿಸಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಅಪ್ಪನನ್ನು ಕೂರಿಸಿದ್ದರೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದರು. ಇಲ್ಲಿ ಯಾರ ಬಾಯಿಯೂ ನೆಟ್ಟಗಿರಲಿಲ್ಲ. ಅಪ್ಪ ನಿಧಾನಕ್ಕೆ ಕುರ್ಚಿಯನ್ನು ಓರೆ ಮಾಡಿಕೊಂಡು, ಟೊಮೇಟೊ ಬಿಟ್ಟು ಜನರನ್ನು ನೋಡತೊಡಗಿದರು. ಇದನ್ನು ನಾನು ನೋಡಿದ್ದು ಹೌದೋ, ಆಮೇಲೆ ಸೇರಿಸಿಕೊಂಡದ್ದೋ ಎಂದು ಖಾತ್ರಿಯಿರಲಿಲ್ಲ. ವಿಡಿಯೋದಲ್ಲಿ ಕುರ್ಚಿ ಎಳೆದ ಸದ್ದು ಇದೆ. ಅದನ್ನೇ ಸಾಕ್ಷಿ ಎಂದುಕೊಂಡಿದ್ದೇನೆ.

“ಇನ್ನೊಂದು ಚೂರು ಕೊಡು,” ಎಂದರು ಅಪ್ಪ.

“ಬೇಡವೇ ಬೇಡ,” ಎಂದರು ಅಮ್ಮ.

“ಅಗೀತೀನಿ ಕಣೇ. ಈ ಸಲ ಅಗೀತೀನಿ. ಅಳಿಯಂದ್ರು ಹೆಂಗೆ ತಿಂತಾರೋ ಹಂಗೆ ತಿಂತೀನಿ. ಅಳಿಯಂದ್ರೇ, ನೀವೊಂದು ತುಂಡು ಬಾಯಿಗೆ ಹಾಕ್ಕೊಳ್ಳಿ ನೋಡೋಣ.”

ನನ್ನ ಗಂಡ ಹಾಕಿಕೊಂಡರು. ಅಪ್ಪ ಒಂದೇ ಒಂದು ಚೌಕ ಚೂರನ್ನು ಸೂಪಿನಲ್ಲಿ ಅದ್ದಿ ಬಾಯಿಗಿಟ್ಟರು. ಇಬ್ಬರೂ ಎದುರುಬದುರು ಕೂತು ಒಂದೇ ತಾಳದಲ್ಲಿ ಅಗಿದರು. ಅಪ್ಪ ಅಳಿಯನ ದವಡೆಯಿಂದ ಕಣ್ಣು ತೆಗೆಯಲಿಲ್ಲ. ಮಗಳು ಎಣಿಸಿದಳು: “ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಗದ್ದ ಕೆಳಗೆ ತಾತಾ. ಈಗ!” ಇಬ್ಬರೂ ಗದ್ದ ತಗ್ಗಿಸಿ ನುಂಗಿದರು. ನನ್ನ ಗಂಡ ಯಾಕೆ ತಗ್ಗಿಸಿದರೋ ಗೊತ್ತಿಲ್ಲ.

“ಹದಿನೇಳು ವರ್ಷ ಇದನ್ನೇ ಮಾಡಿದ್ದಕ್ಕೆ ಈ ಮನೇಲಿ ಎಲ್ಲರ ಹತ್ರ ಬೈಸಿಕೊಂಡೆ ಮಾವ,” ಎಂದರು.

ಬಾಯಲ್ಲಿ ತುತ್ತಿದ್ದಾಗ ಮಾತಾಡಬಾರದು ಎಂಬುದು ಅಪ್ಪನಿಗೆ ನೆನಪಿತ್ತು. ಮುಂದಿನ ತುತ್ತು ಮುಗಿಸಿ ಹೇಳಿದರು, “ಬೈದಿದ್ದಲ್ಲ. ಅದು ಮುದ್ದೆಗೆ ಅವಮಾನ ಆಗ್ತಿತ್ತಲ್ಲ, ಅದಕ್ಕೆ.”

ಅಂದು ಅಪ್ಪ ಅರ್ಧ ತುಂಡು ತಿಂದರು ಅಂತ ನನ್ನ ನೆನಪು. ಡೈರಿಯಲ್ಲಿ ‘ಎರಡು ತುಂಡು’ ಎಂದಿದೆ. ಮಗಳು ಒಂದು ಅನ್ನುತ್ತಾಳೆ. ವಿಡಿಯೋ ಅಷ್ಟು ಹೊತ್ತಿಗೆ ನಿಂತುಹೋಗಿತ್ತು. ಅಮ್ಮನ ಡಬ್ಬಿಯ ಮೊಸರನ್ನ ವಾಪಸು ಮನೆಗೆ ಬಂತು. ಅದರ ಬಗ್ಗೆ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಸೋಮವಾರ ಥೆರಪಿಸ್ಟ್ ಬಂದಾಗ ನಾನೇ ಎಲ್ಲ ಹೇಳಿದೆ. ಬ್ರೆಡ್ ಎಂದು ಕೇಳಿದ್ದು, ಪಿಜ್ಜಾ ತಿನ್ನಿಸಿದ್ದು, ಉಂಡೆ. ಆಕೆ ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಡದೆ ಪೂರ್ತಿ ಕೇಳಿದರು. “ಮೇಡಂ, ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನು ಬರೋದಿಲ್ಲ. ಏನಾದ್ರೂ ಆಗಿದ್ರೆ?” ನಾನು ತಲೆ ತಗ್ಗಿಸಿದೆ. ಬೈಸಿಕೊಳ್ಳಬೇಕು ಅಂತಲೇ ಹೇಳಿದ್ದು. ಬೈಸಿಕೊಂಡ ಮೇಲೆ ಹಗುರವಾಯಿತು. ಆಮೇಲೆ ಆಕೆ ಅಪ್ಪನನ್ನು ಕೂರಿಸಿ, ಗಂಟಲ ಮೇಲೆ ಎರಡು ಬೆರಳಿಟ್ಟು, ಬೇರೆ ಬೇರೆ ತಿನಿಸು ಕೊಟ್ಟು ಅರ್ಧ ಗಂಟೆ ಪರೀಕ್ಷೆ ಮಾಡಿದರು. ಗಂಟಲು ಕಳೆದ ಎರಡು ವಾರದಲ್ಲಿ ಚೆನ್ನಾಗಿ ಸುಧಾರಿಸಿದೆ, ಇನ್ನು ಮಿಕ್ಸಿ ಬೇಡ, ಮೆತ್ತಗೆ ಬೇಯಿಸಿದ ಅನ್ನ, ಇಡ್ಲಿ ಕೊಡಬಹುದು ಎಂದರು. ನೀರಿಗೆ ಪುಡಿ ಇನ್ನೂ ಬೇಕು. “ಮುದ್ದೆ?” ಎಂದರು ಅಪ್ಪ. ಆಕೆ ನಗಲಿಲ್ಲ. “ಆರು ತಿಂಗಳು ಅಂದಿದ್ದೀನಿ ಸಾರ್. ಇನ್ನೂ ಒಂದೂವರೆ ತಿಂಗಳಿದೆ.”

ಅದು ಸೋಮವಾರ. ಆದರೆ ನನಗೆ ಹೇಳಬೇಕಾದ್ದು ಅದಕ್ಕೂ ಹಿಂದಿನ ಭಾನುವಾರ ಮಧ್ಯಾಹ್ನದ್ದು, ಡೈರಿಯ ಪುಟ ಬರೆದು ಮುಗಿಸಿದ ಮೇಲಿನದ್ದು; ಹಾಗಾಗಿ ಅದರಲ್ಲಿ ಇಲ್ಲ.

ಅಮ್ಮ ಎಂದಿನಂತೆ ಅಪ್ಪನ ತಟ್ಟೆಯನ್ನು ರೂಮಿಗೆ ಕೊಟ್ಟು ಬಂದು, ಬಾಗಿಲ ಹೊರಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ನಾವು ಮೂವರು ಟೇಬಲಿಗೆ ಕೂತಿದ್ದೆವು. ಬಾಗಿಲು ಹಾಕಿದ ಸದ್ದು ಬರಲಿಲ್ಲ. ಬದಲಿಗೆ ಊರುಗೋಲಿನ ಸದ್ದು ಬಂತು. ಅಪ್ಪ ಬಲಗೈಯಲ್ಲಿ ತಟ್ಟೆ ಹಿಡಿದು, ಎಡಗೈಯಲ್ಲಿ ಕೋಲು ಊರಿಕೊಂಡು ಬಂದು ನಿಂತರು. ಅವರ ಜಾಗದಲ್ಲಿ ಅಷ್ಟು ದಿನದಿಂದ ನ್ಯೂಸ್‌ಪೇಪರ್ ಕಟ್ಟು ಕೂತಿತ್ತು. ಮಗಳು ಅದನ್ನು ಎತ್ತಿ ನೆಲಕ್ಕಿಟ್ಟಳು. ಅಮ್ಮ ಬಾಗಿಲ ಹೊರಗಿದ್ದ ಕುರ್ಚಿಯನ್ನೇ ತಂದು ಟೇಬಲಿಗೆ ಹಾಕಿಕೊಂಡರು.

ಅಪ್ಪ ತಿನ್ನುವುದು ನಿಧಾನ. ಒಂದು ತುತ್ತು, ಇಪ್ಪತ್ತು ಸಲ, ಗದ್ದ ಕೆಳಗೆ. ನಾವೂ ನಿಧಾನ ಮಾಡಿದೆವು. ಕೆಮ್ಮು ಬಂದರೆ ಬಂತು. ಕಣ್ಣೆದುರಿಗೇ ಬರುತ್ತಿತ್ತು, ಕಿವಿಗೊಟ್ಟು ಕಾಯಬೇಕಾಗಿರಲಿಲ್ಲ. ಟೇಬಲಿನ ನಡುವೆ ಅಮ್ಮ ಅಂಗಡಿಯಿಂದ ತರಿಸಿದ್ದ ಟಿಶ್ಯೂ ಪೇಪರಿನ ಕಟ್ಟು ಇತ್ತು. ಅದನ್ನು ಯಾವಾಗ ತರಿಸಿದರೋ ನಾನು ಕೇಳಲಿಲ್ಲ.

ಅಂದು ನನ್ನ ಗಂಡನಿಗೆ ಎಲ್ಲಿಗೋ ಹೋಗುವ ಅವಸರವಿತ್ತು. ಬೇಗ ಬೇಗ ನಾಲ್ಕು ತುತ್ತು ಹಾಕಿಕೊಂಡು ಏಳಲು ನೋಡಿದರು. ಅಪ್ಪ ಬಾಯಲ್ಲಿದ್ದದ್ದನ್ನು ಅಗಿದು, ಗದ್ದ ತಗ್ಗಿಸಿ ನುಂಗಿ, ಟಿಶ್ಯೂನಲ್ಲಿ ಎಡತುದಿ ಒರೆಸಿಕೊಂಡು, ತಲೆಯೆತ್ತಿದರು.

“ಏನ್ ಅಳಿಯಂದ್ರೇ, ಹಿಂಗೆ ನುಂಗ್ತಾ ಇದೀರಾ? ಕೂತ್ಕೊಂಡು ಅಗೀರಿ.”